ಬೇನೆ ಇದ್ದಲ್ಲಿ ಸೂಜಿ: ಸ್ನಾಯುನೋವಿಗೆ ಅಕ್ಯುಪಂಕ್ಚರ್, ಚೀನಾದಿಂದ ಕಾಸರಗೋಡಿನವರೆಗೆ

ತಲೆಗೂದಲಿಗಿಂತ ತುಸು ದಪ್ಪಗಿರುವ, ಒಳಗೆ ತೂತಿಲ್ಲದ ಸೂಜಿಯನ್ನು ಮೈಯ ಗೊತ್ತಾದ ಜಾಗಗಳಲ್ಲಿ ಚುಚ್ಚಿ, ಸ್ವಲ್ಪ ಹೊತ್ತು ಹಾಗೇ ಬಿಟ್ಟು ತೆಗೆಯುವ ಚಿಕಿತ್ಸೆಗೆ ಅಕ್ಯುಪಂಕ್ಚರ್ ಎಂದು ಹೆಸರು. ಈ ಸೂಜಿಯಿಂದ ಯಾವ ಔಷಧಿಯೂ ಒಳಗೆ ಇಳಿಯುವುದಿಲ್ಲ. ಸೂಜಿಯೇ ಔಷಧಿ. ಹುಟ್ಟಿದ್ದು ಚೀನಾದಲ್ಲಿ. ಅಲ್ಲಿ ಇದನ್ನು ‘ಝೆನ್‌ಜಿಯು’ ಎನ್ನುತ್ತಾರೆ. ಝೆನ್ ಎಂದರೆ ಸೂಜಿ, ಜಿಯು ಎಂದರೆ ಸೊಪ್ಪಿನ ಪುಡಿ ಉರಿಸಿ ಕೊಡುವ ಶಾಖ. ಇದರ ಬೆಂಬಲಿಗರು ಹತ್ತಾರು ರೋಗಗಳ ಹೆಸರು ಹೇಳುತ್ತಾರೆ. ಆದರೆ ಲೋಕದಲ್ಲಿ ಎಲ್ಲೇ ಹೋಗಿ ನೋಡಿದರೂ ಸೂಜಿ ಚುಚ್ಚಿಸಿಕೊಳ್ಳಲು ಸಾಲು ಕೂತವರಲ್ಲಿ ಹೆಚ್ಚಿನವರು ಬಂದಿರುವುದು ಬೆನ್ನು, ಕುತ್ತಿಗೆ, ಭುಜ, ಸೊಂಟದ ನೋವಿಗಾಗಿ. ಈ ಲೇಖನದ ವಿಷಯ ಆ ಕವಲು ಮಾತ್ರ. ಅದು ಕಾಸರಗೋಡಿನ ಕಡೆಗೆ ಬಂದ ದಾರಿಯೂ ಇದರಲ್ಲಿ ಸೇರಿದೆ.

ಕಾಸರಗೋಡು ನೋವಿಗೆ ಹಲವು ಹೆಸರು ಇಟ್ಟುಕೊಂಡ ಊರು. 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡಕ್ಕೆ ಸೇರಿದ್ದ, ಆಮೇಲೆ ಕೇರಳಕ್ಕೆ ಹೋದ, 1984ರ ಮೇ 24ರಂದು ಸ್ವತಂತ್ರ ಜಿಲ್ಲೆಯಾದ ಈ ನೆಲದಲ್ಲಿ ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ ಎಲ್ಲವೂ ಒಂದೇ ಬಸ್ಸಿನಲ್ಲಿ ಕೇಳುತ್ತವೆ. ಕನ್ನಡದವರು ‘ಬೇನೆ’ ಎನ್ನುತ್ತಾರೆ, ತುಳುವರೂ ಬೇನೆ ಎನ್ನುತ್ತಾರೆ. ಕನ್ನಡದ ‘ಉಳುಕು’ ಮಲಯಾಳದಲ್ಲಿ ‘ಉಳುಕ್ಕ್’ ಆಗುತ್ತದೆ, ಅರ್ಥ ಅದೇ. ಸೊಂಟ ಹಿಡಿಯುತ್ತದೆ, ಕತ್ತು ಹಿಡಿಯುತ್ತದೆ, ಮೀನಖಂಡ ಗಂಟು ಕಟ್ಟುತ್ತದೆ, ಭುಜ ಸೆಳೆಯುತ್ತದೆ. ಕಾಲಿಗೆ ತಳೆ ಕಟ್ಟಿ ಒಂದು ಅಡಿಕೆ ಮರದಿಂದ ಮತ್ತೊಂದಕ್ಕೆ ಬಾಗಿ ದಾಟುತ್ತ ಕೊನೆ ಇಳಿಸುವವರಿಗೆ, ಮಳೆಗಾಲದಲ್ಲಿ ಮೈಲುತುತ್ತಿನ ಮದ್ದು ಬಿಡುವವರಿಗೆ, ಕೂತಲ್ಲೇ ದಿನವಿಡೀ ಬೀಡಿ ಕಟ್ಟುವ ಹೆಂಗಸರಿಗೆ, ಮಗ್ಗದ ಕುಳಿಯಲ್ಲಿ ಕಾಲಿಟ್ಟು ಕಾಸರಗೋಡು ಸೀರೆ ನೇಯುವವರಿಗೆ, ಭಾರದ ಮುಡಿ ಹೊತ್ತು ರಾತ್ರಿಯಿಡೀ ಕುಣಿಯುವ ತೆಯ್ಯಂ ಕಲಾವಿದರಿಗೆ ಈ ಮಾತುಗಳ ಅರ್ಥವನ್ನು ಯಾರೂ ಹೇಳಿಕೊಡಬೇಕಿಲ್ಲ. ಈಚೆಗೆ ಕಾರ್ಬನ್ ಫೈಬರ್ ದೋಟಿ ಬಂದಿದೆ. ಮರ ಹತ್ತುವ ಅಪಾಯ ತಪ್ಪಿತು, ನಿಜ. ಆದರೆ ಮೇಲೆ ನೋಡುತ್ತ ಗಂಟೆಗಟ್ಟಲೆ ನಿಲ್ಲುವವರ ಬೇನೆ ಸೊಂಟದಿಂದ ಕುತ್ತಿಗೆಗೆ ಏರಿದೆ.

ಸೂಜಿ ಬರುವ ಎಷ್ಟೋ ಮೊದಲೇ ಇಲ್ಲಿ ಈ ಬೇನೆಗೆ ಕೈ ಇತ್ತು. ಉತ್ತರ ಮಲಬಾರಿನ ಕಳರಿಪಯಟ್ಟಿನಲ್ಲಿ ಹೊಡೆತ ಕಲಿಸುವ ಗುರುಕ್ಕಳೇ ಉಳುಕು ಬಿಡಿಸುವವರೂ ಆಗಿದ್ದರು. ಪಟ್ಟು ಹಿಡಿಯುವ ಮೊದಲು ಶಿಷ್ಯನ ಮೈಗೆ ಎಣ್ಣೆ ಹಚ್ಚಿ, ಮೇಲಿನಿಂದ ಕಟ್ಟಿದ ಹಗ್ಗ ಹಿಡಿದು ಪಾದದಿಂದಲೇ ನೀವುವ ‘ಚವಿಟ್ಟಿ ಉಳಿಚ್ಚಿಲ್’ ಅವರ ಕಲೆ. ಬಿದ್ದವರಿಗೆ, ಬೆನ್ನು ಹಿಡಿದವರಿಗೆ ಅದೇ ಕಲೆ ಚಿಕಿತ್ಸೆಯಾಗುತ್ತಿತ್ತು. ಆಯುರ್ವೇದ ವೈದ್ಯರಲ್ಲಿ ಎಲೆ ಅಥವಾ ಪುಡಿಯ ಪೊಟ್ಟಣ ಬಿಸಿ ಮಾಡಿ ಒತ್ತುವ ‘ಕಿಳಿ’ ಇತ್ತು. ಮನೆಮನೆಯ ಮಾಡದಲ್ಲಿ ಕೊಟ್ಟಂಚುಕ್ಕಾದಿಯದೋ ಧಾನ್ವಂತರದ್ದೋ ತೈಲದ ಬಾಟಲಿ ಇಂದಿಗೂ ಇರುತ್ತದೆ. ಮುಸ್ಲಿಮರಲ್ಲಿ ಬಟ್ಟಲು ಕವುಚಿ ರಕ್ತ ಸೆಳೆಯುವ ಹಿಜಾಮಾ ಇದೆ. ಕನ್ನಡ ಹಳ್ಳಿಗಳಲ್ಲಿ ಅರಶಿನದ ಕೊಂಬು ಸುಟ್ಟು ಚಟಿಕೆ ಹಾಕುವುದಿತ್ತು. ಚೀನೀಯರ ‘ಜಿಯು’ವಿಗೆ ನಮ್ಮಲ್ಲಿ ಹತ್ತಿರದ ನಂಟ ಇದ್ದರೆ ಅದು ಈ ಚಟಿಕೆ.

ಇಲ್ಲಿ ಒಂದು ಮಾತಿನ ಗೊಂದಲ ಬಿಡಿಸಿಕೊಳ್ಳಬೇಕು. ಇಂದಿನ ಕನ್ನಡದಲ್ಲಿ ಸ್ನಾಯು ಎಂದರೆ ಮಾಂಸಖಂಡ. ಸುಶ್ರುತ ಸಂಹಿತೆಯಲ್ಲಿ ಹಾಗಲ್ಲ. ಅಲ್ಲಿ ಮಾಂಸಖಂಡಕ್ಕೆ ‘ಪೇಶಿ’ ಎಂದು ಹೆಸರು, ಎಣಿಕೆ 500. ಕಟ್ಟುನಾರಿಗೆ ‘ಸ್ನಾಯು’ ಎಂದು ಹೆಸರು, ಎಣಿಕೆ 900. ಮರ್ಮಗಳು 107. ಅವುಗಳಲ್ಲಿ ಮಾಂಸಮರ್ಮ 11, ಸ್ನಾಯುಮರ್ಮ 27, ಉಳಿದವು ಸಿರೆ, ಮೂಳೆ, ಸಂಧಿಗಳಿಗೆ ಸೇರಿದವು. ಈ 107ರ ಪಟ್ಟಿಯನ್ನೂ ಚೀನೀಯರ ಸೂಜಿ ಜಾಗಗಳ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು, ಎರಡೂ ಒಂದೇ ಎನ್ನುವವರು ಬಹಳ ಮಂದಿ. ಮಲಬಾರಿನ ಮರ್ಮವಿದ್ಯೆಯನ್ನು ಬೋಧಿಧರ್ಮ ಚೀನಾಕ್ಕೆ ಒಯ್ದ, ಅದೇ ಅಲ್ಲಿ ಅಕ್ಯುಪಂಕ್ಚರ್ ಆಯಿತು ಎಂಬ ಕತೆಯೂ ಕಳರಿಗಳ ಸುತ್ತಮುತ್ತ ಓಡಾಡುತ್ತಿದೆ. ಕತೆ ಚಂದ, ಕಾಲಗಣನೆ ಒಪ್ಪುವುದಿಲ್ಲ. ಬೋಧಿಧರ್ಮನ ಕಾಲ ಕ್ರಿ.ಶ. 5–6ನೆಯ ಶತಮಾನ, ಚೀನಾದ ಸೂಜಿಶಾಸ್ತ್ರದ ಮೂಲಗ್ರಂಥ ಅದಕ್ಕಿಂತ ಐನೂರು ವರ್ಷಕ್ಕೂ ಹಿಂದಿನದು. ಅದಕ್ಕಿಂತ ಮುಖ್ಯವಾದ ವ್ಯತ್ಯಾಸ ಇನ್ನೊಂದಿದೆ. ಮೀನಖಂಡದ ನಡುವೆ ಸುಶ್ರುತ ‘ಇಂದ್ರಬಸ್ತಿ’ ಎಂಬ ಮಾಂಸಮರ್ಮವನ್ನು ಗುರುತಿಸುತ್ತಾನೆ. ಅಲ್ಲಿ ಪೆಟ್ಟಾದರೆ ರಕ್ತ ಹರಿದು ಸಾವು ಎಂದು ಎಚ್ಚರಿಸುತ್ತಾನೆ. ಸುಮಾರು ಅದೇ ಜಾಗದಲ್ಲಿ ಚೀನೀ ವೈದ್ಯರು ‘ಚೆಂಗ್‌ಶಾನ್’ ಎಂಬ ಬಿಂದುವನ್ನು ಗುರುತಿಸಿ, ಮೀನಖಂಡ ಗಂಟು ಕಟ್ಟಿದಾಗ ಅಲ್ಲಿಗೇ ಸೂಜಿ ಇಳಿಸುತ್ತಾರೆ. ಒಬ್ಬರಿಗೆ ಚುಚ್ಚಬಾರದ ಜಾಗ, ಇನ್ನೊಬ್ಬರಿಗೆ ಚುಚ್ಚಲೇಬೇಕಾದ ಜಾಗ. ಎರಡು ನಾಡುಗಳ ವೈದ್ಯರು ಒಂದೇ ಮೈಯನ್ನು ಬೇರೆ ಬೇರೆ ಪ್ರಶ್ನೆ ಇಟ್ಟುಕೊಂಡು ಮುಟ್ಟಿ ನೋಡಿದ್ದಾರೆ. ಅದನ್ನು ಸಾಲ ಕೊಟ್ಟ–ಪಡೆದ ಲೆಕ್ಕಕ್ಕೆ ಇಳಿಸಿದರೆ ಇಬ್ಬರಿಗೂ ಅನ್ಯಾಯ.

ನೋಯುವ ಜಾಗವೇ ಬಿಂದು

ಚೀನಾದ ಮಾವಾಂಗ್‌ದುಯಿಯಲ್ಲಿ ಕ್ರಿ.ಪೂ. 168ರಲ್ಲಿ ಮುಚ್ಚಿದ್ದ ಸಮಾಧಿಯೊಂದನ್ನು 1973ರಲ್ಲಿ ತೆರೆದಾಗ ರೇಷ್ಮೆಯ ಮೇಲೆ ಬರೆದ ವೈದ್ಯಗ್ರಂಥಗಳು ಸಿಕ್ಕವು. ಮೈಯೊಳಗಿನ ನಾಳಗಳ ವಿವರ ಅವುಗಳಲ್ಲಿದೆ, ಆ ನಾಳಗಳ ಮೇಲೆ ಶಾಖ ಕೊಡುವ ಕ್ರಮವಿದೆ, ಸೂಜಿಯ ಮಾತಿಲ್ಲ. ಕ್ರಿ.ಪೂ. 113ರಲ್ಲಿ ತೀರಿಕೊಂಡ ರಾಜಕುಮಾರ ಲಿಯು ಶೆಂಗ್‌ನ ಮಾನ್‌ಚೆಂಗ್ ಸಮಾಧಿಯಲ್ಲಿ 1968ರಲ್ಲಿ ಚಿನ್ನದ, ಬೆಳ್ಳಿಯ ಸೂಜಿಗಳು ಸಿಕ್ಕವು. ಸೂಜಿಶಾಸ್ತ್ರ ರೂಪುಗೊಂಡ ಕಾಲವನ್ನು ವಿದ್ವಾಂಸರು ಈ ಎರಡು ಸಮಾಧಿಗಳ ಆಸುಪಾಸಿನಲ್ಲಿ ಹುಡುಕುತ್ತಾರೆ. ಸುಮಾರು ಕ್ರಿ.ಪೂ. ಮೊದಲನೆಯ ಶತಮಾನದ ಹೊತ್ತಿಗೆ ‘ಹುವಾಂಗ್‌ಡಿ ನೈಜಿಂಗ್’ ಎಂಬ ಮಹಾಗ್ರಂಥ ರೂಪ ತಾಳಿತು.

ಸ್ನಾಯುನೋವಿನ ಚರಿತ್ರೆಗೆ ಆ ಗ್ರಂಥದ ‘ಲಿಂಗ್‌ಶು’ ಭಾಗದ 13ನೆಯ ಅಧ್ಯಾಯ ಬಹಳ ಮುಖ್ಯ. ಮಾಂಸಖಂಡ ಮತ್ತು ನಾರುಗಳು ಸೆಟೆದುಕೊಂಡು ನೋಯುವ ಬಗೆ ಅದರ ವಿಷಯ. ಉಳಿದ ಅಧ್ಯಾಯಗಳು ಹೆಸರುಳ್ಳ ಬಿಂದುಗಳ ಬಗ್ಗೆ ಮಾತಾಡುತ್ತಿರುವಾಗ ಇಲ್ಲಿ ಮಾತ್ರ ನಿಯಮ ಸರಳ: ಎಲ್ಲಿ ನೋಯುತ್ತದೋ ಅದೇ ಬಿಂದು, ಬಿಸಿ ಮಾಡಿದ ಸೂಜಿಯನ್ನು ಅಲ್ಲಿಗೇ ಚುಚ್ಚು. ಕ್ರಿ.ಶ. 7ನೆಯ ಶತಮಾನದ ವೈದ್ಯ ಸುನ್ ಸಿಮಿಯಾವೊ ಇದಕ್ಕೆ ಒಂದು ಹೆಸರಿಟ್ಟ. ವೈದ್ಯನ ಬೆರಳು ಒತ್ತುತ್ತ ಹೋಗುತ್ತದೆ. ಸರಿಯಾದ ಜಾಗ ಸಿಕ್ಕಿದ ಕೂಡಲೇ ರೋಗಿ ‘ಆ! ಶಿ!’ ಎನ್ನುತ್ತಾನೆ. ಹಾಂ, ಅಲ್ಲೇ, ಎಂದಂತೆ. ಆ ಜಾಗಕ್ಕೆ ‘ಆ–ಶಿ ಬಿಂದು’ ಎಂದೇ ಹೆಸರಾಯಿತು. ಎಣ್ಣೆ ಹಚ್ಚಿದ ಹೆಬ್ಬೆರಳಿನಿಂದ ಬೆನ್ನ ಮೇಲೆ ತಡಕುವ ಉಳುಕಿನ ವೈದ್ಯನಿಗೆ ಈ ಹೆಸರು ಹೇಳಿದರೆ ಆತ ತಕ್ಷಣ ಗುರುತು ಹಿಡಿದಾನು. ಅವನ ಮುಂದೆ ಮಲಗಿದವರೂ ಅದನ್ನೇ ಹೇಳುತ್ತಾರೆ.

ಹೆಸರುಳ್ಳ ಬಿಂದುಗಳ ಶಾಸ್ತ್ರವೂ ಜೊತೆಗೆ ಬೆಳೆಯಿತು. 3ನೆಯ ಶತಮಾನದ ಹುವಾಂಗ್‌ಫು ಮಿ 349 ಬಿಂದುಗಳನ್ನು ಕ್ರಮವಾಗಿ ಜೋಡಿಸಿದ. ತಾನೇ ಕೈಕಾಲು ಬಾರದೆ ನರಳಿದ ಮೇಲೆ ವೈದ್ಯಗ್ರಂಥಗಳನ್ನು ಹಿಡಿದವನು ಅವನು. 1027ರಲ್ಲಿ ವಾಂಗ್ ವೈಯಿ ಕಂಚಿನ ಮನುಷ್ಯಾಕೃತಿ ಎರಕ ಹೊಯ್ಯಿಸಿ, ಬಿಂದುಗಳ ಜಾಗದಲ್ಲಿ ತೂತು ಇಡಿಸಿದ. ವಿದ್ಯಾರ್ಥಿಗಳ ಪರೀಕ್ಷೆಗೆ ಅದೇ ಮೈ. ಆದರೆ ರಾಜಾಶ್ರಯ ಕೊನೆಯವರೆಗೆ ಉಳಿಯಲಿಲ್ಲ. 1822ರಲ್ಲಿ ಚಕ್ರವರ್ತಿ ದಾವೊಗುವಾಂಗ್ ಅರಮನೆಯ ವೈದ್ಯಶಾಲೆಯಿಂದ ಈ ಪಾಠವನ್ನು ತೆಗೆದುಹಾಕಿಸಿದ.

ಡಚ್ಚರ ಹಡಗು, ಲಂಡನ್ನಿನ ಸೂಜಿ

ಅಕ್ಯುಪಂಕ್ಚರ್ ಎಂಬ ಹೆಸರು ಚೀನೀಯರದ್ದಲ್ಲ. ಡಚ್ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ವಿಲೆಮ್ ಟೆನ್ ರೈನೆ ಜಪಾನಿನ ದೆಜಿಮಾ ದ್ವೀಪದಲ್ಲಿ ಎರಡು ವರ್ಷ ಇದ್ದು ಈ ಚಿಕಿತ್ಸೆಯನ್ನು ಕಂಡ. 1683ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಲ್ಯಾಟಿನ್ ಗ್ರಂಥದಲ್ಲಿ ಅದಕ್ಕೆ ‘ಅಕ್ಯುಪಂಕ್ಚುರ’ ಎಂದು ಹೆಸರಿಟ್ಟ. ‘ಆಕುಸ್’ ಎಂದರೆ ಸೂಜಿ, ‘ಪುಂಕ್ತುರ’ ಎಂದರೆ ಚುಚ್ಚುವುದು. ಆ ಗ್ರಂಥದ ಮುಖ್ಯ ವಿಷಯ ಸಂಧಿವಾತ ಎಂಬುದನ್ನು ಗಮನಿಸಬೇಕು. ಸೂಜಿ ಯುರೋಪಿಗೆ ಕಾಲಿಟ್ಟದ್ದೇ ನೋವಿನ ಮದ್ದಾಗಿ. ಅದೇ ಕಂಪನಿಯ ಇನ್ನೊಬ್ಬ ಅಧಿಕಾರಿ ಹೆಂಡ್ರಿಕ್ ವಾನ್ ರೇಡ್ ಕೊಚ್ಚಿಯಲ್ಲಿ ಕುಳಿತು ಇಟ್ಟಿ ಅಚ್ಯುದನ್ ವೈದ್ಯ, ಕೊಂಕಣಿ ವೈದ್ಯರಾದ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟರ ನೆರವಿನಿಂದ ಕಲೆಹಾಕಿದ ಮಲಬಾರಿನ ಗಿಡಮೂಲಿಕೆಗಳ ‘ಹೋರ್ತುಸ್ ಮಲಬಾರಿಕುಸ್’ 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಹೊರಬಂತು. ನಮ್ಮ ಕರಾವಳಿಯ ಸೊಪ್ಪು ಬೇರುಗಳೂ ಜಪಾನಿನ ಸೂಜಿಯೂ ಒಂದೇ ಕಂಪನಿಯ ಹಡಗುಗಳಲ್ಲಿ, ಒಂದೇ ಕಾಲದಲ್ಲಿ ಯುರೋಪಿನ ಅಚ್ಚುಕೂಟ ಸೇರಿದವು.

ಫ್ರಾನ್ಸಿನಲ್ಲಿ ಸಂಗೀತಗಾರ ಎಕ್ತೋರ್ ಬೆರ್ಲಿಯೋಜ್‌ನ ತಂದೆ, ವೈದ್ಯ ಲೂಯಿ ಬೆರ್ಲಿಯೋಜ್ ತನ್ನ ಸೂಜಿಪ್ರಯೋಗಗಳನ್ನು 1816ರಲ್ಲಿ ಪ್ರಕಟಿಸಿದ. ಇಂಗ್ಲೆಂಡಿನಲ್ಲಿ ಜೇಮ್ಸ್ ಮಾರ್ಸ್ ಚರ್ಚಿಲ್ 1821ರಲ್ಲಿ ಪುಸ್ತಕ ಬರೆದು ಮಾಂಸಖಂಡದ ವಾತನೋವಿಗೆ ಸೂಜಿ ಒಳ್ಳೆಯದೆಂದ. ಆಧುನಿಕ ವೈದ್ಯಶಿಕ್ಷಣದ ಹಿರಿಯ ವಿಲಿಯಂ ಆಸ್ಲರ್ 1892ರ ತನ್ನ ಪ್ರಸಿದ್ಧ ಪಠ್ಯಪುಸ್ತಕದಲ್ಲಿ, ಸೊಂಟ ಹಿಡಿದಾಗ ನೋಯುವ ಖಂಡದೊಳಗೆ ಮೂರು–ನಾಲ್ಕು ಇಂಚಿನ ಸೂಜಿ ಚುಚ್ಚಿ ಐದು–ಹತ್ತು ನಿಮಿಷ ಬಿಡಲು ಹೇಳುತ್ತಾನೆ. ಹೆಂಗಸರ ಟೊಪ್ಪಿಯ ಪಿನ್ನನ್ನು ಶುದ್ಧ ಮಾಡಿ ಬಳಸಿದರೂ ಸಾಕು ಎನ್ನುತ್ತಾನೆ. ಆಸ್ಲರ್‌ಗೆ ಚೀನೀ ನಾಳಗಳ ಗೊಡವೆ ಇರಲಿಲ್ಲ. ನೋಯುವ ಜಾಗಕ್ಕೆ ಸೂಜಿ, ಅಷ್ಟೇ.

20ನೆಯ ಶತಮಾನದಲ್ಲಿ ಆ ಸಾಲು ಬೇರೆ ಹೆಸರಿನಲ್ಲಿ ಮುಂದುವರಿಯಿತು. ಅಮೆರಿಕದ ಜಾನೆಟ್ ಟ್ರಾವೆಲ್, ಬೆನ್ನುನೋವಿನಿಂದ ಬಳಲುತ್ತಿದ್ದ ಅಧ್ಯಕ್ಷ ಕೆನಡಿಯ ವೈದ್ಯೆ, ಖಂಡದೊಳಗೆ ಬಿಗಿದ ಎಳೆಯಲ್ಲಿ ಬೆರಳಿಗೆ ಸಿಗುವ ಸಣ್ಣ ಗಂಟುಗಳನ್ನು ‘ಟ್ರಿಗರ್ ಪಾಯಿಂಟ್’ ಎಂದು ಕರೆದು ಅಲ್ಲಿಗೆ ಮರವಿನ ಮದ್ದು ಚುಚ್ಚುತ್ತಿದ್ದರು. ಡೇವಿಡ್ ಸೈಮನ್ಸ್ ಜೊತೆ ಅವರು ಬರೆದ ಕೈಪಿಡಿ 1983ರಲ್ಲಿ ಬಂತು. ಅದಕ್ಕೂ ಮೊದಲು, 1979ರಲ್ಲಿ, ಚೆಕ್ ವೈದ್ಯ ಕರೆಲ್ ಲೆವಿಟ್ ಒಂದು ಕುತೂಹಲದ ವರದಿ ಕೊಟ್ಟಿದ್ದರು. ಗುಣ ಕೊಡುವುದು ಮದ್ದೋ ಸೂಜಿಯೋ ಎಂದು ಅವರು ಕೇಳಿದರು. 241 ರೋಗಿಗಳಲ್ಲಿ ಅತಿಯಾಗಿ ನೋಯುವ ಜಾಗಕ್ಕೆ ಬರೀ ಸೂಜಿ ತಾಗಿಸಿದಾಗ, 86.8 ಶೇಕಡಾ ಸಲ ನೋವು ಆ ಕ್ಷಣವೇ ತಗ್ಗಿತು. ಹೋಲಿಕೆಗೆ ಇನ್ನೊಂದು ಗುಂಪು ಇಲ್ಲದ ಪ್ರಯೋಗವದು, ಅದರ ಮಿತಿಯೂ ಅದೇ. ಆದರೂ ಇಂದು ಫಿಸಿಯೋಥೆರಪಿಯವರು ‘ಡ್ರೈ ನೀಡ್ಲಿಂಗ್’ ಎನ್ನುವುದರ ಬೇರು ಅಲ್ಲಿದೆ. ಸುನ್ ಸಿಮಿಯಾವೊನ ಆ–ಶಿ ಬಿಂದು ಹದಿಮೂರು ಶತಮಾನ ಸುತ್ತಿ, ಗುರುತು ಸಿಗದ ಹೆಸರಿನಲ್ಲಿ ಆಸ್ಪತ್ರೆಗೆ ಬಂತು ಎಂದರೆ ತಪ್ಪಾಗದು.

ಭಾರತದೊಳಗೆ

1938ರಲ್ಲಿ ಜಪಾನಿನ ದಾಳಿಗೆ ಸಿಕ್ಕ ಚೀನಾಕ್ಕೆ ಭಾರತದ ರಾಷ್ಟ್ರೀಯ ಕಾಂಗ್ರೆಸ್ ಐವರು ವೈದ್ಯರನ್ನು ಕಳಿಸಿತು. ಅವರಲ್ಲಿ ದ್ವಾರಕಾನಾಥ ಕೋಟ್ನಿಸ್ ಕನ್ನಡ ಮರಾಠಿಗಳು ಬೆರೆತ ಗಡಿ ಊರು ಸೊಲ್ಲಾಪುರದವರು. 1942ರಲ್ಲಿ ಅಲ್ಲೇ ಚೀನಾದಲ್ಲಿ ತೀರಿಕೊಂಡರು. ಕೋಟ್ನಿಸ್ ಶಸ್ತ್ರವೈದ್ಯರು, ಅವರಿಂದ ಸೂಜಿ ಇಲ್ಲಿಗೆ ಬರಲಿಲ್ಲ. ಅದೇ ತಂಡದ ಬಿಜಯ್ ಕುಮಾರ್ ಬಸು 1950ರ ದಶಕದ ಕೊನೆಗೆ ಮತ್ತೆ ಚೀನಾಕ್ಕೆ ಹೋಗಿ ಅಕ್ಯುಪಂಕ್ಚರ್ ಕಲಿತು, 1959ರಲ್ಲಿ ಕೋಲ್ಕತ್ತಾದಲ್ಲಿ ಚಿಕಿತ್ಸೆ ಶುರು ಮಾಡಿದರು. ಕೋಟ್ನಿಸ್ ಹೆಸರು ಮಾತ್ರ ಭಾರತದ ಅಕ್ಯುಪಂಕ್ಚರ್ ಜೊತೆ ಶಾಶ್ವತವಾಗಿ ಸೇರಿಕೊಂಡಿತು.

1971ರ ಜುಲೈಯಲ್ಲಿ ಅಮೆರಿಕದ ಪತ್ರಕರ್ತ ಜೇಮ್ಸ್ ರೆಸ್ಟನ್ ಬೀಜಿಂಗಿನಲ್ಲಿ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯ ನಂತರದ ಹೊಟ್ಟೆಯ ತೊಂದರೆಗೆ ಸೂಜಿ ಚುಚ್ಚಿಸಿಕೊಂಡ ಅನುಭವ ಬರೆದ ಮೇಲೆ ಲೋಕದಲ್ಲೆಲ್ಲ ಇದರ ಗಾಳಿ ಬೀಸಿತು. ಭಾರತದಲ್ಲಿ ಕಾನೂನು ನಿಧಾನಕ್ಕೆ ಹಿಂದೆ ಬಂತು: ಪಶ್ಚಿಮ ಬಂಗಾಳ 1996ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಿತು; ಕೇಂದ್ರ ಸರಕಾರ 2003ರಲ್ಲಿ ಇದನ್ನು ಚಿಕಿತ್ಸೆಯ ಒಂದು ವಿಧಾನವೆಂದು ಒಪ್ಪಿತು, 2019ರಲ್ಲಿ ಸ್ವತಂತ್ರ ಪದ್ಧತಿಯ ಸ್ಥಾನ ಕೊಟ್ಟಿತು.

ಕರಾವಳಿಗೆ ಸೂಜಿ ಬಂದದ್ದು ಚೀನೀ ವೈದ್ಯದ ಹೆಸರಿನಲ್ಲಿ ಅಲ್ಲ, ಪ್ರಕೃತಿ ಚಿಕಿತ್ಸೆಯ ಜೊತೆಗೂಡಿ. ಉಜಿರೆಯಲ್ಲಿ 1989ರಲ್ಲಿ ಶುರುವಾದ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನ ಕಾಲೇಜು ಈ ದಾರಿಯ ಹೆಬ್ಬಾಗಿಲು. ಒಂದು ವರ್ಷದ ತರಬೇತಿಯೂ ಸೇರಿ ಐದೂವರೆ ವರ್ಷದ ಆ ಪದವಿಯಲ್ಲಿ ಶರೀರರಚನೆ, ರೋಗಶಾಸ್ತ್ರಗಳ ಜೊತೆಗೆ ಅಕ್ಯುಪಂಕ್ಚರ್ ಕೂಡ ಪಾಠ. ಮೂಡುಬಿದಿರೆ, ಮಂಗಳೂರುಗಳಲ್ಲೂ ಅಂಥ ಕಾಲೇಜುಗಳು ಎದ್ದವು. ಮಣ್ಣಿನ ಪಟ್ಟಿ, ಜಲಚಿಕಿತ್ಸೆ, ಯೋಗಾಸನ, ಅವುಗಳ ಪಕ್ಕದ ಮೇಜಿನ ಮೇಲೆ ಸೂಜಿಯ ಪೊಟ್ಟಣ: ಕಾಸರಗೋಡಿನ ರೋಗಿ ಅಕ್ಯುಪಂಕ್ಚರನ್ನು ಕಂಡದ್ದು ಹೆಚ್ಚಾಗಿ ಈ ನೋಟದಲ್ಲಿ. ಗಡಿ ದಾಟಿ ಮದ್ದಿಗೆ ಹೋಗುವುದು ಇಲ್ಲಿನವರಿಗೆ ಹೊಸದಲ್ಲ. ಮಂಗಳೂರು ಕೇವಲ 50 ಕಿಲೋಮೀಟರು. 2020ರಲ್ಲಿ ಕೋವಿಡ್ ಹೊತ್ತಿಗೆ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಆ ನಂಟು ಎಷ್ಟು ಜೀವದ್ದೆಂದು ಎಲ್ಲರಿಗೂ ತಿಳಿಯಿತು.

ಎಷ್ಟು ನಿಜ?

ಪ್ರಶ್ನೆ ನೇರವಾದದ್ದು, ಉತ್ತರ ಅಷ್ಟು ನೇರವಲ್ಲ. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್, ಬೆನ್ನುಹುರಿಯಲ್ಲಿ ನೋವಿಗೆ ಒಂದು ಬಾಗಿಲಿದೆ, ಬೇರೆ ಸ್ಪರ್ಶ ಅದನ್ನು ಮುಚ್ಚಬಲ್ಲದು ಎಂದರು. 1976ರಲ್ಲಿ ಕೆನಡಾದ ಬ್ರೂಸ್ ಪೊಮೆರಾನ್ಜ್ ಇಲಿಗಳಲ್ಲಿ ನಡೆಸಿದ ಪ್ರಯೋಗ, ಮೈಯೊಳಗೇ ಹುಟ್ಟುವ ನೋವುನಿವಾರಕಗಳನ್ನು ತಡೆದರೆ ಸೂಜಿಯ ಗುಣವೂ ನಿಲ್ಲುತ್ತದೆಂದು ತೋರಿಸಿತು. ಹೀಗೆ ಸೂಜಿಗೆ ನರಶಾಸ್ತ್ರದಲ್ಲಿ ಒಂದು ಆಧಾರ ಸಿಕ್ಕಿತು. ಬಿಂದುಗಳಿಗೆ ಸಿಕ್ಕಿತೇ? ಜರ್ಮನಿಯಲ್ಲಿ 1,162 ಮಂದಿ ಸೊಂಟನೋವಿನವರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನ ನೋಡಬೇಕು. ಆರು ತಿಂಗಳ ನಂತರ, ಶಾಸ್ತ್ರೋಕ್ತ ಬಿಂದುಗಳಿಗೆ ಚುಚ್ಚಿಸಿಕೊಂಡವರಲ್ಲಿ 47.6 ಶೇಕಡಾ ಮಂದಿಗೆ ಗುಣ. ಬಿಂದುವಲ್ಲದ ಜಾಗದಲ್ಲಿ ಮೇಲುಮೇಲೆ ಚುಚ್ಚಿಸಿಕೊಂಡವರಲ್ಲಿ 44.2. ಮಾತ್ರೆ, ವ್ಯಾಯಾಮಗಳ ಮಾಮೂಲು ಚಿಕಿತ್ಸೆಯವರಲ್ಲಿ 27.4. ಸೂಜಿ ಗೆದ್ದಿತು, ನಕ್ಷೆ ಸೋತಿತು. ಆಮೇಲೆ 2018ರಲ್ಲಿ 39 ಅಧ್ಯಯನಗಳ 20,827 ರೋಗಿಗಳ ವಿವರ ಒಟ್ಟುಹಾಕಿದಾಗ ನಿಜ ಸೂಜಿಗೂ ಸುಳ್ಳು ಸೂಜಿಗೂ ಸಣ್ಣದಾದರೂ ಖಚಿತವಾದ ಅಂತರ ಕಂಡಿತು. ಬ್ರಿಟನ್ನಿನ ಆರೋಗ್ಯ ಮಾರ್ಗದರ್ಶಿ ಸಂಸ್ಥೆ ಸೊಂಟನೋವಿಗೆ ಸೂಜಿಯನ್ನು 2009ರಲ್ಲಿ ಒಪ್ಪಿ, 2016ರಲ್ಲಿ ಕೈಬಿಟ್ಟು, 2021ರಲ್ಲಿ ಕಾರಣ ತಿಳಿಯದ ದೀರ್ಘಕಾಲದ ನೋವಿಗೆ ಮತ್ತೆ ಸೇರಿಸಿಕೊಂಡಿತು. ಈ ಹಿಂದೆಮುಂದೆ ನಡಿಗೆಯೇ ಇಂದಿನ ತಿಳುವಳಿಕೆಯ ನಿಜವಾದ ಚಿತ್ರ.

ಹಾಗಾಗಿ ಸ್ನಾಯುನೋವಿನ ಮಟ್ಟಿಗೆ ಸೂಜಿಗೆ ಗೌರವದ ಜಾಗವಿದೆ. ಆ ಗಡಿ ದಾಟಿದಾಗ ಕೇಡು. ಸೂಜಿಯೋ ಬರೀ ಬೆರಳ ಸ್ಪರ್ಶವೋ ಎಲ್ಲ ರೋಗಕ್ಕೂ ಮದ್ದು, ಆಸ್ಪತ್ರೆ ಬೇಡ ಎನ್ನುವವರು ಕೇರಳದಲ್ಲಿ ಇದ್ದಾರೆ. 2024ರ ಫೆಬ್ರುವರಿಯಲ್ಲಿ ತಿರುವನಂತಪುರದ ನೇಮಂನಲ್ಲಿ ಮನೆಯಲ್ಲೇ ಹೆರಿಗೆ ಮಾಡಿಸಲು ಹೋಗಿ ತಾಯಿ ಮಗು ಇಬ್ಬರೂ ಸತ್ತಾಗ, ಚಿಕಿತ್ಸೆ ಕೊಡುತ್ತಿದ್ದ ಅಕ್ಯುಪಂಕ್ಚರ್‌ನವರನ್ನು ಪೊಲೀಸರು ಬಂಧಿಸಿದರು. ಈ ಸಾವುಗಳ ಮುಂದೆ ಯಾವ ಪರಂಪರೆಯ ಹೆಸರೂ ನಿಲ್ಲುವುದಿಲ್ಲ.

ಪರಂಪರೆಯನ್ನು ಅಳೆದು ನೋಡುವ ದಾರಿ ಕಾಸರಗೋಡಿನಲ್ಲೇ ಇದೆ. ಆ ದಾರಿ ತೆರೆದದ್ದು ಸ್ನಾಯುನೋವಿಗಲ್ಲ, ಆನೆಕಾಲು ರೋಗದ ಊತಕ್ಕೆ. ಚರ್ಮವೈದ್ಯ ಎಸ್. ಆರ್. ನರಹರಿ 1999ರಲ್ಲಿ ಕಟ್ಟಿದ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿಯಲ್ಲಿ ಆಯುರ್ವೇದದ ಎಣ್ಣೆ, ಯೋಗದ ಉಸಿರಾಟ, ಅಲೋಪಥಿಯ ಔಷಧಿ ಮತ್ತು ಬಟ್ಟೆಪಟ್ಟಿಯ ಬಿಗಿತ ಒಟ್ಟಾಗಿ ನಡೆಯುತ್ತವೆ. ಆಕ್ಸ್‌ಫರ್ಡಿನ ಟೆರೆನ್ಸ್ ರಯಾನ್ ಜೊತೆಗೂಡಿ ಅವರು ಕಾಲಿನ ಊತವನ್ನು ಅಳೆದು, ಲೆಕ್ಕ ಇಟ್ಟು, ವೈದ್ಯಪತ್ರಿಕೆಗಳಲ್ಲಿ ಪ್ರಕಟಿಸಿದರು. ಆಲಪ್ಪುಳ, ಕಲಬುರಗಿ ಜಿಲ್ಲೆಗಳ ಹಳ್ಳಿಗಳಿಗೂ ಆ ಕ್ರಮವನ್ನು ಒಯ್ದರು. ಉಳಿಚ್ಚಿಲ್‌ಗೂ ಸೂಜಿಗೂ ಇಲ್ಲಿ ಅಂಥ ಲೆಕ್ಕ ಸಿಗಬೇಕೆಂದು ಬಯಸುವುದು ಅತಿಯಾಸೆಯಲ್ಲ.

ಕೊನೆಗೆ ಚಿಕಿತ್ಸೆಯ ಕ್ರಮ. ದೋಟಿ ಹಿಡಿದವರ ಭುಜದ ಬೇನೆಗೆ ಹೆಚ್ಚಾಗಿ ಬಳಕೆಯಾಗುವ ಬಿಂದು ‘ಜಿಯಾನ್‌ಜಿಂಗ್’. ಕುತ್ತಿಗೆಗೂ ಭುಜದ ತುದಿಗೂ ನಡುವೆ, ಹೊರೆ ಹೊರುವ ಜಾಗದಲ್ಲಿ ಅದಿದೆ. ಟ್ರಾವೆಲ್ ಗುರುತಿಸಿದ ಗಂಟುಗಳಲ್ಲಿ ಅತಿ ಸಾಮಾನ್ಯವಾದದ್ದೂ ಅಲ್ಲೇ. ಆ ಖಂಡದ ಕೆಳಗೆ ಶ್ವಾಸಕೋಶದ ತುದಿ ಇದೆ, ಸೂಜಿ ಆಳಕ್ಕೆ ಇಳಿದರೆ ಎದೆಯೊಳಗೆ ಗಾಳಿ ತುಂಬಿ ಉಸಿರು ಕಟ್ಟಬಹುದು. ಅದಕ್ಕಾಗಿ ಬಲ್ಲವರು ಖಂಡವನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಚಿವುಟಿ ಎತ್ತಿ, ಒಂದೇ ಸಲ ಬಳಸಿ ಎಸೆಯುವ ಹೊಸ ಸೂಜಿಯನ್ನು ಅಷ್ಟರೊಳಗೆ ಮಾತ್ರ ಚುಚ್ಚುತ್ತಾರೆ. ಸರಿಯಾದ ಜಾಗ ಸಿಕ್ಕಿದರೆ ಖಂಡ ಒಮ್ಮೆ ತಾನಾಗಿ ಅದುರುತ್ತದೆ. ರೋಗಿಗೆ ಭಾರ, ಜೋಮು, ಸಣ್ಣ ಸೆಳೆತ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು, ಬಸುರಿಯರು ಮೊದಲೇ ಹೇಳಬೇಕು. ವಾರಕ್ಕೆ ಒಂದೆರಡು ಸಲದಂತೆ ಆರೇಳು ಸಲ ಚುಚ್ಚಿಸಿಕೊಂಡ ಮೇಲೂ ಕೈ ತಲೆಯ ಮೇಲಕ್ಕೆ ಏರದಿದ್ದರೆ, ಒಳ್ಳೆಯ ವೈದ್ಯರು ಸೂಜಿಯ ಪೊಟ್ಟಣ ಮುಚ್ಚಿಟ್ಟು, ಭುಜದ ಸ್ಕ್ಯಾನಿಂಗ್ ಮಾಡಿಸಿ ಬನ್ನಿ ಎಂದು ಮಂಗಳೂರಿನ ಬಸ್ಸು ಹತ್ತಿಸುತ್ತಾರೆ.